ಕೈ ಎತ್ತುವುದು

"ಬಾಯಿ ಮುಚ್ಕೊಂಡಿರೋಕೆ ಏನಾಗಿತ್ತೇ ನಿನಗೆ? ಆ ಹುಡುಗಿ ಕೇಳಿದ್ದೇನು, ನೀನು ಬೊಗಳಿದ್ದೇನು?"

"ಕೇಳಿದ್ದಕ್ಕೆ ಹೇಳಿದೆ."

"ಅವಳು ಕೇಳಿದ್ದು ಎಕ್ಸರ್‌ಸೈಜ್ ವಿಷಯ ಕಣೇ, ಕತ್ತೆ."

"ಅದು ಆಮೇಲೆ ಗೊತ್ತಾಯ್ತು."

"ಆಮೇಲೆ ಗೊತ್ತಾಯ್ತಂತೆ. ಅಲ್ಲಿ ಕೂತಿದ್ದ ನಾಲ್ಕು ಜನಕ್ಕೆ ನಿನಗಿಂತ ಮುಂಚೆ ಗೊತ್ತಾಯ್ತು."

ಕುಸುಮಾ ಚಪ್ಪಲಿ ಬಿಟ್ಟು ಬಾಗಿಲಿನ ಹತ್ತಿರವೇ ನಿಂತಿದ್ದಳು. ಭೈರೇಶ ಮೆಟ್ಟಿಲು ಹತ್ತಿ ಬಂದ ಏದುಸಿರಿನಲ್ಲೇ ಬೈಯುತ್ತಿದ್ದ. ವಿಜಯನಗರದ ಕ್ಲಿನಿಕ್ಕಿನಿಂದ ಕಾಮಾಕ್ಷಿಪಾಳ್ಯದ ಈ ಮೊದಲ ಮಹಡಿಯ ಮನೆಯವರೆಗೆ ಬಸ್ಸಿನಲ್ಲಿ ಹಲ್ಲು ಕಚ್ಚಿಕೊಂಡು ಕೂತಿದ್ದವನು, ಬೀಗ ತೆಗೆಯುತ್ತಿದ್ದ ಹಾಗೆ ಶುರು ಹಚ್ಚಿಕೊಂಡಿದ್ದ. ಬೈಯುತ್ತಾ ಬೈಯುತ್ತಾ ತನ್ನ ಮಾತು ಉದ್ದವಾಗುತ್ತಿರುವುದು ಅವನಿಗೇ ಕೇಳಿಸುತ್ತಿತ್ತು. ಮೊದಲಾದರೆ ಜಗಳಕ್ಕೆ ಇಷ್ಟು ಮಾತು ಬೇಕಾಗುತ್ತಿರಲಿಲ್ಲ. ಎರಡನೆಯ ಮಾತಿಗೋ ಮೂರನೆಯದಕ್ಕೋ ಬಲಗೈ ತನ್ನ ಕೆಲಸ ಮುಗಿಸಿಬಿಡುತ್ತಿತ್ತು, ಮನೆ ಸುಮ್ಮನಾಗುತ್ತಿತ್ತು. ಎಂಟು ತಿಂಗಳ ಹಿಂದೆ ಭುಜ ಹಿಡಿದುಕೊಂಡ ಮೇಲೆ ಜಗಳವನ್ನು ಬಾಯಿಂದಲೇ ಕೊನೆ ಮುಟ್ಟಿಸಬೇಕಾಗಿ ಬಂದಿತ್ತು. ಅದು ಅವನಿಗೆ ಬರುತ್ತಿರಲಿಲ್ಲ. ಎಡಗೈಗಂತೂ ಆ ರೂಢಿಯೇ ಇರಲಿಲ್ಲ. ಗೊತ್ತಿದ್ದ ಬೈಗುಳವೆಲ್ಲ ತೀರಿದ ಮೇಲೂ ಕುಸುಮಾ ಎದುರಿಗೇ ನಿಂತಿರುತ್ತಿದ್ದಳು. ಅವನು ಮತ್ತೆ ಮೊದಲಿನಿಂದ ಹೊರಡಬೇಕಾಗುತ್ತಿತ್ತು.

ಆದದ್ದು ಇಷ್ಟು. ಔಷಧಿ ಅಂಗಡಿಯ ಮೇಲಿನ ಆ ಕ್ಲಿನಿಕ್ಕು ಒಂದೇ ಹಾಲು. ಹಸಿರು ಪರದೆಯ ಒಳಗೆ ಮಂಚ, ಹೊರಗೆ ಎರಡು ಹೆಜ್ಜೆ ದೂರದಲ್ಲಿ ಕಾಯುವವರ ಪ್ಲಾಸ್ಟಿಕ್ ಕುರ್ಚಿಗಳು. ವ್ಯಾಯಾಮ ಮಾಡಿಸುವ ಹೇಮಶ್ರೀ ದಾವಣಗೆರೆ ಕಡೆಯ ಹುಡುಗಿ, ಇನ್ನೂ ಮೂವತ್ತು ತುಂಬಿಲ್ಲ. ತಿಂಗಳಿಗೊಮ್ಮೆ ಒಂದು ಹಾಳೆ ಹಿಡಿದು ಪ್ರಶ್ನೆ ಕೇಳಿ ಗುರುತು ಹಾಕಿಕೊಳ್ಳುತ್ತಾಳೆ. ಗಂಡಸರು ಮಾಡದಿದ್ದರೂ ಮಾಡಿದೆ ಅನ್ನುತ್ತಾರೆಂದು ಹೆಂಡಂದಿರನ್ನೇ ಕೇಳುವುದು ಅವಳ ಕ್ರಮ. ಅಂಗಿ ತಾವೇ ತೊಡುತ್ತಾರಾ, ತಲೆ ಬಾಚಿಕೊಳ್ಳುತ್ತಾರಾ, ಸೊಂಟದ ಹಿಂದಕ್ಕೆ ಕೈ ಹೋಗುತ್ತದಾ ಎಂದೆಲ್ಲ ಕೇಳಿದಳು. ಕುಸುಮಾ ಪರೀಕ್ಷೆಗೆ ಕೂತವಳಂತೆ ಸೆರಗು ಬಿಗಿಮಾಡಿಕೊಂಡು ಒಂದೊಂದಕ್ಕೂ ಉತ್ತರ ಕೊಟ್ಟಳು. ಭೈರೇಶ ಮಂಚದ ಮೇಲೆ ಅಂಗಾತ ಮಲಗಿದ್ದ. ಅವನ ಮೊಣಕೈ ಹುಡುಗಿಯ ಒಂದು ಅಂಗೈಯಲ್ಲಿತ್ತು. ಅವಳು ಹಾಳೆಯಿಂದ ಕಣ್ಣೆತ್ತಿ ಕುಸುಮಳ ಮುಖ ನೋಡಿ, ಹಿಂದಿನ ತಿಂಗಳುಗಳಲ್ಲಿ ಕೇಳಿರದ ಒಂದನ್ನು ಕೇಳಿದಳು.

"ಮನೇಲಿ ಇವರು ಕೈ ಎತ್ತುತಾರೇನ್ರಿ ಆಂಟಿ?"

ಕುಸುಮಾ ಬೆಚ್ಚಿದ್ದು ಅವನಿಗೆ ಕಾಣಿಸಿತು. ಯಾರೋ ಮನೆಯೊಳಕ್ಕೆ ಇಣುಕಿಬಿಟ್ಟರೆಂಬಂತೆ ಅವಳ ಕೈ ಎಡಹುಬ್ಬಿನ ಹಳೆಯ ಕಲೆಗೆ ಹೋಯಿತು. ಆಮೇಲೆ ಗಡಿಬಿಡಿಯಲ್ಲಿ, ಗಂಡನ ಮಾನ ಉಳಿಸುವ ಅವಸರದಲ್ಲಿ ಹೇಳಿದಳು: "ಇಲ್ಲಮ್ಮ, ಇಲ್ಲ. ಮುಂಚೆ ಎತ್ತೋರು. ನೋವು ಬಂದ ಮೇಲೆ ಒಂದ್ ಸಲಾನೂ ಎತ್ತಿಲ್ಲ."

"ಹಿಂಗಾದ್ರೆ ಹೆಂಗ್ರೀ? ದಿನಾ ಮೂವತ್ತು ಸಲ ಎತ್ತಬೇಕು. ನೀವೇ ಎದುರು ನಿಂತು ಎತ್ತಿಸಬೇಕು."

ಪರದೆಯ ಆಚೆ, ಕತ್ತಿಗೆ ಪಟ್ಟಿ ಕಟ್ಟಿಕೊಂಡು ಕೂತಿದ್ದ ಹೆಂಗಸಿಗೆ ಮೊದಲು ಅರ್ಥವಾಗಿರಬೇಕು. ಅವಳು ಕೆಮ್ಮಿದಳು. ಪಕ್ಕದವರು ಮೊಬೈಲು ನೋಡುವುದನ್ನು ನಿಲ್ಲಿಸಿದರು. ಕುಸುಮಳ ಮುಖ ಬಿಳುಚಿಕೊಂಡಿತು. ಹೇಮಶ್ರೀ ಪೆನ್ನು ಹಿಡಿದಂತೆಯೇ ಅವಳನ್ನು ಸ್ವಲ್ಪ ಹೊತ್ತು ನೋಡಿದಳು, ಆಮೇಲೆ ತನ್ನ ಅಂಗೈಯಲ್ಲಿದ್ದ ಭೈರೇಶನ ಕೈಯನ್ನು ನೋಡಿದಳು. ಯಾರದೋ ಮನೆಯ ಪಾತ್ರೆಯನ್ನು ಸದ್ದಾಗದಂತೆ ಕೆಳಗಿಡುವ ಹಾಗೆ ಅದನ್ನು ಮಂಚದ ಮೇಲಿಟ್ಟಳು. ಬೈದಿದ್ದರೆ ಅವನು ತಿರುಗಿಸಿ ಬೈಯಬಹುದಿತ್ತು. ಅವಳು ಮುಂದಿನ ಮಂಗಳವಾರ ಬನ್ನಿ ಎಂದಷ್ಟೇ ಹೇಳಿ ಕೈ ತೊಳೆಯಲು ಹೋದಳು. ಅವಳು ಪ್ರತಿ ಸಲವೂ ಕೈ ತೊಳೆಯುತ್ತಿದ್ದಳೋ ಇವತ್ತು ಮಾತ್ರವೋ ಎಂದು ಬಸ್ಸಿನಲ್ಲಿ ಬರುವಾಗ ಎಷ್ಟು ನೆನಪಿಸಿಕೊಂಡರೂ ಅವನಿಗೆ ಹೊಳೆಯಲಿಲ್ಲ.

ಬೇಕೆಂತಲೇ ಹೇಳಿದಳೇ ಎಂಬ ಗುಮಾನಿ ಅವನನ್ನು ತಿನ್ನುತ್ತಿತ್ತು. ಇಲ್ಲ ಎನ್ನುವುದಕ್ಕೂ ಕಾರಣವಿತ್ತು. ಮನೆಯಲ್ಲಿ ಈ ವ್ಯಾಯಾಮಗಳಿಗೆಲ್ಲ ಅವರವೇ ಹೆಸರುಗಳಿದ್ದವು. ಬಗ್ಗಿ ನಿಂತು ತೋಳನ್ನು ಜೋತುಬಿಟ್ಟು ತೂಗುವುದಕ್ಕೆ ಗಂಟೆ, ಬೆರಳುಗಳಿಂದ ಗೋಡೆ ಹತ್ತಿಸುವುದಕ್ಕೆ ಗೋಡೆ, ಬೆನ್ನ ಹಿಂದೆ ಟವಲು ಎಳೆಯುವುದಕ್ಕೆ ಟವಲು, ಎರಡೂ ಕೈಯಲ್ಲಿ ಹಿಡಿದು ಮಾಡುವುದಕ್ಕೆ ಕೋಲು. ಗಂಟೆ ಆಯ್ತಾ, ಗೋಡೆ ಆಯ್ತಾ ಎಂದು ಅವಳು ಒಲೆಯ ಮುಂದಿನಿಂದ ಕೇಳುತ್ತಿದ್ದಳು. ಕೈ ಎತ್ತುವುದು ಎಂಬ ಮಾತು ಆ ಮನೆಯಲ್ಲಿ ಆ ಕೆಲಸಕ್ಕೆ ಬಳಕೆಯೇ ಆಗಿರಲಿಲ್ಲ. ಅದು ಬೇರೆ ಕೆಲಸದ ಹೆಸರು, ಮೊದಲಿನಿಂದಲೂ ಆ ಕೆಲಸದ್ದೇ. ಮದುವೆಯಾದ ಹೊಸದರಲ್ಲಿ ಅವಳ ಅಪ್ಪ ಬಂದು ಜಗುಲಿಯ ಮೇಲೆ ಕೂತು, ಬಾಯಲ್ಲಿ ಏನಾದ್ರೂ ಅನ್ನಪ್ಪ, ಕೈ ಮಾತ್ರ ಎತ್ತಬೇಡ ಎಂದು ನೆಲ ನೋಡುತ್ತಾ ಹೇಳಿ ಕಾಫಿ ಕುಡಿಯದೆ ಎದ್ದುಹೋಗಿದ್ದ. ಆ ಮುದುಕ ಸತ್ತು ಹದಿನೈದು ವರ್ಷವಾಯಿತು. ಆ ಲೋಟದ ಕಾಫಿಯನ್ನು ತಾನೇ ಕುಡಿದದ್ದು ಭೈರೇಶನಿಗೆ ಈಗ ಯಾಕೋ ನೆನಪಾಗಿ ಬಾಯಿ ಒಗರಾಯಿತು.

ಕಾಮಾಕ್ಷಿಪಾಳ್ಯದ ಗಾರ್ಮೆಂಟ್ಸಿನಲ್ಲಿ ಅವನು ಕಟಿಂಗ್ ಮಾಸ್ಟರು. ನಲವತ್ತು ಪದರ ಬಟ್ಟೆ ಹಾಸಿ ಒಂದು ನೂಲು ಆಚೀಚೆಯಾಗದಂತೆ ಕತ್ತರಿಸುವ ಕೈ ಎಂದು ಮಾಲೀಕರೇ ಹೇಳಿದ್ದುಂಟು. ಇಪ್ಪತ್ತಾರು ವರ್ಷದಲ್ಲಿ ಅಲ್ಲಿ ಯಾರ ಮೇಲೂ ದನಿ ಜೋರು ಮಾಡಿದವನಲ್ಲ. ಭುಜ ಹಿಡಿದುಕೊಂಡ ಆ ದಿನ ಅದೇನು ಯೋಚನೆಯಲ್ಲಿದ್ದನೋ, ಬಟ್ಟೆಯನ್ನೆಲ್ಲ ಒಂದೇ ಮುಖವಾಗಿ ಹಾಸಿಬಿಟ್ಟಿದ್ದ. ಕತ್ತರಿಸಿ ಕಟ್ಟು ಕಟ್ಟಿದ ಮೇಲೆ ನೋಡಿದರೆ ತೋಳುಗಳೆಲ್ಲ ಎಡಗೈಯವು, ಬಲಗೈಗೆ ಒಂದೂ ಇಲ್ಲ. ಹೊಲಿಯುವ ಹೆಣ್ಣುಮಕ್ಕಳು ಬಾಯಿಗೆ ಸೆರಗು ಮುಚ್ಚಿಕೊಂಡು ನಕ್ಕರು. ಮಾಲೀಕರ ಮಗ, ಭೈರೇಶನ ಮಗಳು ದಿವ್ಯಳಿಗಿಂತಲೂ ಚಿಕ್ಕವನು, ಕನ್ನಡಕ ಹಾಕಿಸ್ಕೊಳ್ಳಿ ಮಾಸ್ಟರೇ ಎಂದ. ಮನೆಗೆ ಬಂದು ಊಟಕ್ಕೆ ಕೂತಾಗ ಅದನ್ನು ಹೆಂಡತಿಗೆ ಹೇಳಿದ. ಯಾಕೆ ಹೇಳಿದನೋ. ಹಗುರಾಗಲೆಂದೇ ಇರಬೇಕು. ಕುಸುಮಾ ಸಾರು ಬಡಿಸುತ್ತಾ ನಕ್ಕಳು, "ಹೋಗ್ಲಿ ಬಿಡಿ, ಒಂದೇ ಕೈ ಇರೋರಿಗೆ ಮಾರಿದ್ರಾಯ್ತು" ಎಂದಳು. ಅದು ತಮಾಷೆ, ಗಂಡನನ್ನು ಸಮಾಧಾನ ಮಾಡಲು ಹೆಂಡತಿ ಆಡುವ ಮಾತು. ಅದು ಆಗಲೂ ಅವನಿಗೆ ತಿಳಿದಿತ್ತು. ತಿಳಿದಿದ್ದೂ ಎದ್ದ. ಕೈ ಮೇಲಕ್ಕೆ ಹೋಯಿತು, ಹೋದದ್ದು ಅಲ್ಲೇ ಸಿಕ್ಕಿಕೊಂಡಿತು. ಬಹಳ ದಿನದಿಂದ ಒಳಗೊಳಗೇ ನೋಯುತ್ತಿದ್ದ ಭುಜದಲ್ಲಿ ಕಾದ ಕಂಬಿ ಹೊಕ್ಕಂತಾಗಿ ಅವನು ಅಮ್ಮಾ ಎಂದು ತಟ್ಟೆಯ ಪಕ್ಕಕ್ಕೆ ಕುಸಿದ. ಏಟಿಗೆ ಮುಖ ತಿರುಗಿಸಿ ಕಣ್ಣು ಮುಚ್ಚಿ ನಿಂತಿದ್ದವಳು ಏಟು ಬೀಳದ್ದರಿಂದ ಕಣ್ಣು ಬಿಟ್ಟಳು, ನೋಡಿದಳು, ಸೌಟು ಬಿಸಾಕಿ ಎಣ್ಣೆ ಕಾಯಿಸಲು ಓಡಿದಳು. ಅವಳ ಬೆರಳುಗಳು ಆ ಭುಜವನ್ನು ತುಂಬ ಹೊತ್ತು ನೀವಿದವು. ಮಾರನೆಯ ದಿನ ಡಾಕ್ಟರು ಕೇಳಿದಾಗ ಅವನು ತಡವರಿಸುತ್ತಿದ್ದುದನ್ನು ಕಂಡು ಅವಳೇ, ಬಟ್ಟೆ ಥಾನು ಎತ್ತುವಾಗ ಹಿಡ್ಕೊಂಡುಬಿಡ್ತು ಸಾರ್ ಎಂದಳು. ಎಷ್ಟು ಸಲೀಸಾಗಿ ಹೇಳಿದಳು. ಬಾಗಿಲು ತಾಗಿತು, ನಲ್ಲಿಗೆ ಬಡಿಯಿತು ಎಂದು ಅಕ್ಕಪಕ್ಕದವರಿಗೆ ಹೇಳಿ ಹೇಳಿ ಅವಳಿಗೆ ಪಳಗಿತ್ತು.

ಎಣ್ಣೆ ಆಯಿತು, ನಾಟಿ ಪಟ್ಟು ಆಯಿತು, ಭುಜಕ್ಕೆ ಸೂಜಿ ಚುಚ್ಚಿಸಿಕೊಂಡದ್ದೂ ಆಯಿತು. ಯಾವುದಕ್ಕೂ ಬಗ್ಗದಾಗ, ವ್ಯಾಯಾಮವೊಂದೇ ದಾರಿ ಎಂದು ಡಾಕ್ಟರು ಚೀಟಿ ಬರೆದರು. ಗೋಡೆಗೆ ಬೆರಳು ಉಜ್ಜೋಕೆ ಒಬ್ಬ ಡಾಕ್ಟರಾ ಎಂದು ಅವನು ನಕ್ಕಿದ್ದ. ಮೊದಲ ದಿನ ಗೋಡೆಯ ಮೇಲೆ ಬೆರಳು ಎದೆಯ ಮಟ್ಟ ದಾಟುವಷ್ಟರಲ್ಲಿ ಕಣ್ಣಲ್ಲಿ ನೀರು ಬಂದಿತ್ತು. ನೋವು ಬಂದ ಕೂಡಲೇ ನಿಲ್ಲಿಸಬಾರದು, ಹಾಗೆಂದು ನುಗ್ಗಲೂಬಾರದು ಎಂದು ಹೇಮಶ್ರೀ ಹೇಳಿಕೊಟ್ಟಿದ್ದಳು. "ನೋವಿನ ಅಂಚಿಗೆ ಹೋಗ್ರಿ ಅಂಕಲ್, ಅಲ್ಲೇ ಸ್ವಲ್ಪ ಹೊತ್ತು ನಿಲ್ರಿ. ಓಡಿ ಬಂದ್ರೆ ಭುಜ ಅಲ್ಲೇ ಗಟ್ಟಿಯಾಗ್ತದೆ." ಹಾಗೆ ನಿಲ್ಲುವುದನ್ನು ಅವನು ಭುಜದ ಮಟ್ಟಿಗೆ ಕಲಿತ. ಕುಸುಮಾ ಪಕ್ಕದಲ್ಲಿ ನಿಂತು ಎಣಿಸುತ್ತಿದ್ದಳು. ಅವನೇ ಫ್ಯಾಕ್ಟರಿಯಿಂದ ತಂದಿದ್ದ ನೀಲಿ ಸೀಮೆಸುಣ್ಣದಲ್ಲಿ, ಬಟ್ಟೆಗೆ ಗುರುತು ಹಾಕುವಂಥದರಲ್ಲಿ, ಬೆರಳು ಮುಟ್ಟಿದ ಜಾಗಕ್ಕೆ ವಾರಕ್ಕೊಂದು ಗೆರೆ ಎಳೆಯುತ್ತಿದ್ದಳು. ಮಕ್ಕಳ ಎತ್ತರ ಅಳೆದಂತೆ ಗೋಡೆಯ ಮೇಲೆ ಗೆರೆಗಳು ಬೆಳೆದವು. ಭುಜದ ಮಟ್ಟ ಮುಟ್ಟಿದ ದಿನ ಪಾಯಸ ಮಾಡಿದಳು. ಗಲ್ಲದ ಮಟ್ಟ ಬಂದ ದಿನ ಕೆಂಗೇರಿಯಲ್ಲಿದ್ದ ಮಗಳಿಗೆ ಫೋನು ಮಾಡಿ ಹೇಳಿದಳು. ಹೇಳಿದ ಮೇಲೆ ಕುಸುಮಾ, ದಿವ್ಯ ಇದೀಯೇನೇ, ಹಲೋ ಹಲೋ ಎನ್ನುತ್ತಿದ್ದುದು ಅವನಿಗೆ ಕೇಳಿಸಿತು. ಗೆರೆ ಕುಸುಮಳ ಹಣೆಯ ಮಟ್ಟಕ್ಕೆ ಬಂದ ವಾರದಿಂದ ಅವಳು ಪಕ್ಕ ಬಿಟ್ಟು ಅಡುಗೆಮನೆಯ ಬಾಗಿಲಲ್ಲಿ ನಿಂತು ಎಣಿಸತೊಡಗಿದಳು. ಒಲೆಯ ಮೇಲೆ ಹಾಲಿರಬೇಕು ಎಂದುಕೊಂಡಿದ್ದ ಅವನು. ದಿನಾ ಬೆಳಿಗ್ಗೆ, ಎರಡು ತಿಂಗಳು, ಒಲೆಯ ಮೇಲೆ ಹಾಲೇ ಇರುತ್ತದೆಯೇ?

"ಬೇಕೂಂತ ಹೇಳ್ದೆ ಅಲ್ವಾ?" ಎಂದ ಈಗ. ದನಿ ಇಳಿದಿತ್ತು.

ಕುಸುಮಾ ಚೀಲದಿಂದ ತರಕಾರಿ ತೆಗೆದು ಬುಟ್ಟಿಗೆ ಹಾಕುತ್ತಿದ್ದಳು. ಬೀನ್ಸಿನಲ್ಲಿ ಬಾಡಿದ್ದನ್ನು ಬೇರೆ ತೆಗೆದಿಟ್ಟಳು.

"ಆ ಮಾತಿಗೆ ನಂಗೆ ಗೊತ್ತಿರೋ ಅರ್ಥ ಅದೊಂದೇ ಕಣ್ರೀ."

ಅವನು ಏನೋ ಹೇಳಹೋದ. ಅವಳು ಬಿಡಲಿಲ್ಲ. ಇಪ್ಪತ್ತೊಂಬತ್ತು ವರ್ಷದ ಸಂಸಾರದಲ್ಲಿ ಅವಳು ಹಾಗೆ ನಿಲ್ಲಿಸದೆ ಆಡಿದ್ದು ಅದೇ ಮೊದಲು, ಅದೂ ಲೆಕ್ಕದ ಪಾಠ ಒಪ್ಪಿಸುವವಳಂತೆ, ಬೀನ್ಸು ನೋಡಿಕೊಂಡು. "ನಾನು ದಿವ್ಯಂಗೆ ಆಗ್ಲೇ ಹೇಳಿದೀನಿ. ಕೈ ಬಿದ್ದಿರೋ ಗಂಡನ್ನ ಬಿಟ್ಟು ಹೋದ್ಲು ಅನ್ನಿಸ್ಕೊಳಲ್ಲ ನಾನು. ಎಣಿಸ್ತೀನಿ, ಮಾಡಿಸ್ತೀನಿ. ನಿಮ್ಮ ಕೈ ನನ್ನ ತಲೆ ದಾಟಿ ಮೇಲೆ ಹೋದ ದಿನ ನಾನು ಅವಳ ಮನೆಗೆ ಹೋಗ್ತೀನಿ. ಮತ್ತೆ ಅದರ ಕೆಳಗೆ ಬದುಕೋಕೆ ನನ್ನ ಕೈಲಾಗಲ್ಲ. ಈ ಎಂಟು ತಿಂಗಳು ನಾನು ಈ ಮನೇಲಿ ತಿರುಗಾಡಿದೀನಿ. ಮುಂಚೆ ಗೋಡೆ ಸವರ್ಕೊಂಡು ಓಡಾಡ್ತಿದ್ದೆ."

"ಹೋಗೇ, ಇವತ್ತೇ ಹೋಗು. ಯಾರು ಹಿಡ್ಕೊಂಡಿರೋರು" ಎಂದ ಭೈರೇಶ. ಅಂದವನು ಒಳಗೆ ಹೋಗಿ ಮಂಚದ ಮೇಲೆ ಕೂತ. ಅವಳು ಇವತ್ತು ಹೋಗುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಕೈ ಇನ್ನೂ ಅವನ ಹುಬ್ಬಿನ ಮಟ್ಟದಲ್ಲಿತ್ತು, ಅವಳ ನೆತ್ತಿ ದಾಟಿರಲಿಲ್ಲ. ಇಷ್ಟು ದಿನ ಅವಳನ್ನು ತನಗೆ ಉಳಿಸಿಕೊಟ್ಟಿದ್ದು ಈ ನೋವೇ ಎಂದು ಹೊಳೆದದ್ದು ಆಗ. ಹೊಳೆದದ್ದೇ ಅವನಿಗೆ ಒಂಥರಾ ಧೈರ್ಯವೂ ಬಂತು.

ಆ ವಾರ ಗೋಡೆಯ ಮುಂದೆ ನಿಂತು ಬೆರಳುಗಳನ್ನು ಹತ್ತಿಸುತ್ತಾ ಹುಬ್ಬಿನ ಗೆರೆಗೆ ಬಂದೊಡನೆ ಹಲ್ಲು ಕಚ್ಚಿ ಹಾ ಎನ್ನುತ್ತಿದ್ದ. ಮೊದಮೊದಲು ಅದು ನಿಜವೂ ಸುಳ್ಳೂ ಬೆರೆತಿತ್ತು. ಬಚ್ಚಲಿನಲ್ಲಿ ಬಾಗಿಲು ಹಾಕಿಕೊಂಡು ಎತ್ತಿ ನೋಡಿದರೆ ಕೈ ತಲೆಯ ಮೇಲೆ ಹೋಗಿ ಕಿಟಕಿಯ ಸರಳು ಹಿಡಿಯುತ್ತಿತ್ತು. ಹಿಡಿದಾಗ ಕುಣಿಯುವಷ್ಟು ಸಂತೋಷ. ಮರುಕ್ಷಣವೇ ಕಳ್ಳನಂತೆ ಇಳಿಸುತ್ತಿದ್ದ. ಅವಳ ಮುಂದೆ ಎಡಗೈಯಲ್ಲಿ ತಲೆ ಬಾಚಿಕೊಂಡ, ಅಂಗಿ ತೊಡಿಸೆಂದು ಬೆನ್ನು ಕೊಟ್ಟ. ಅವಳು ತೊಡಿಸಿದಳು. ಅವಳ ಬೆರಳು ಕತ್ತಿಗೆ ತಾಗಿದಾಗ, ತಪ್ಪಾಯ್ತು ಎಂಬ ಮಾತು ಗಂಟಲಿನವರೆಗೆ ಬಂದು ಅಲ್ಲಿ ನಿಲ್ಲುತ್ತಿತ್ತು. ಅಂಚಿಗೆ ಹೋಗುವುದು, ಅಲ್ಲಿ ನಿಲ್ಲುವುದು. ನಿಂತರೆ ಏನಾಗುತ್ತದೋ ಎಂದು ಹೆದರಿ, ಕಾಲರ್ ಸರಿಮಾಡೇ ಎನ್ನುತ್ತಿದ್ದ. ಮಾತು ಹೊರಟರೆ ಇಪ್ಪತ್ತೊಂಬತ್ತು ವರ್ಷದ್ದನ್ನೆಲ್ಲ ಒಂದೊಂದಾಗಿ ಹೇಳಬೇಕಾಗುತ್ತದೆ, ಅವನಿಗೆ ಎಷ್ಟೋ ನೆನಪೇ ಇಲ್ಲ, ಅವಳಿಗೆ ಎಲ್ಲವೂ ಇದೆ. ಅದಕ್ಕಿಂತ ಕೈ ಬಿದ್ದವನಾಗಿ ಸಾಯುವುದೇ ಸುಲಭವೆನಿಸಿತು. ತನ್ನ ಕೈಯನ್ನೇ ಅವಳಿಗೆ ಕೊಟ್ಟುಬಿಡುತ್ತಿದ್ದೇನೆ, ಇದಕ್ಕಿಂತ ಹೆಚ್ಚು ಯಾವ ಗಂಡ ಏನು ಕೊಡುತ್ತಾನೆ ಎಂದು ಒಮ್ಮೊಮ್ಮೆ ಕಣ್ಣು ತುಂಬಿಕೊಳ್ಳುತ್ತಿದ್ದ.

ಮಂಗಳವಾರ ಒಬ್ಬನೇ ಕ್ಲಿನಿಕ್ಕಿಗೆ ಹೋದ. ಹೇಮಶ್ರೀ ಪರದೆಯನ್ನು ಪೂರ್ತಿ ಸರಿಸಿ, ಎಲ್ಲರಿಗೂ ಕಾಣುವ ಹಾಗೆ ಇಟ್ಟುಕೊಂಡು ಅವನ ಕೈ ಹಿಡಿದಳು. ಮಲಗಿಸಿ ತಾನೇ ಎತ್ತಿ ಅಳತೆ ನೋಡಿದಳು. ಆಮೇಲೆ ಅವನೇ ಎತ್ತಲಿ ಎಂದಳು. ಎರಡು ಸಲ ಹಾಗೆ ಮಾಡಿಸಿ ಹಾಳೆ ಮಡಚಿಟ್ಟಳು.

"ನಾ ಎತ್ತಿದ್ರೆ ಸಲೀಸಾಗಿ ಹೋಗ್ತದೆ. ನೀವು ಎತ್ತಿದ್ರೆ ಅರ್ಧಕ್ಕೆ ನಿಲ್ತದೆ. ನೋವಾಗೋರ ಮುಖ ನಾ ದಿನಾ ನೋಡ್ತೀನಿ ಅಂಕಲ್. ನೀವು ತಡೀತಿದೀರಿ."

ಅವನಿಗೆ ಸಿಟ್ಟು ನೆತ್ತಿಗೇರಿತು. ನನ್ನ ಭುಜ, ನನ್ನ ನೋವು, ನಿಂಗೇನಮ್ಮ ಗೊತ್ತು ಎಂದು ದನಿ ಏರಿಸಿದ. ಹುಡುಗಿ ಒಂದು ಹೆಜ್ಜೆ ಹಿಂದೆ ಸರಿದಳು. ಸರಿದದ್ದು ಅವಳಿಗೇ ಗೊತ್ತಾದಂತಿರಲಿಲ್ಲ. ಅದನ್ನು ಕಂಡು ಭೈರೇಶ ಮಾತನ್ನು ಅರ್ಧಕ್ಕೇ ನುಂಗಿದ. ನಂಗೆ ಭುಜ ಅಷ್ಟೇ ಗೊತ್ತು, ಮಿಕ್ಕಿದ್ದು ನಂಗೆ ಗೊತ್ತಿಲ್ಲ ಎಂದು ಅವಳು ಮೆಲ್ಲಗೆ ಹೇಳಿದಳು; ಹೀಗೇ ಬಿಟ್ಟರೆ ಮತ್ತೆ ಬಿಗಿದುಕೊಳ್ಳುತ್ತದೆ ಎಂದೂ ಸೇರಿಸಿದಳು. ಬಿಗಿದುಕೊಳ್ಳಲಿ ಎಂದುಕೊಂಡು ಮೆಟ್ಟಿಲು ಇಳಿದ. ಕೆಳಗೆ ರಸ್ತೆಯಲ್ಲಿ ಹೂವಿನವಳ ಹತ್ತಿರ ಹೆಂಡತಿಗೆಂದು ಎರಡು ಮೊಳ ಮಲ್ಲಿಗೆ ತಗೊಂಡ. ಮನೆಗೆ ಬಂದು ಕೊಡಲಾರದೆ ಫ್ರಿಜ್ಜಿನ ಮೇಲಿಟ್ಟ. ಸಂಜೆ ಅವಳು ಅದನ್ನು ದೇವರಿಗೆ ಹಾಕಿದಳು.

ಭಾನುವಾರ ಹತ್ತು ಗಂಟೆಯ ಹೊತ್ತು. ಭೈರೇಶ ಪೇಪರು ಹಿಡಿದು ಅಡುಗೆಮನೆಯ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತಿದ್ದ. ಒತ್ತು ಶ್ಯಾವಿಗೆ ಮಾಡೋಣವೆಂದು ಕುಸುಮಾ ತಲೆಗಿಂತ ಎತ್ತರದ ಸಜ್ಜೆಯ ಮೇಲಿದ್ದ ಶ್ಯಾವಿಗೆ ಒರಳನ್ನು ಇಳಿಸಲು ನೋಡುತ್ತಿದ್ದಳು. ಅವನನ್ನು ಕರೆಯಲಿಲ್ಲ, ಕೈ ಆಗದವನನ್ನು ಯಾಕೆ ಕರೆಯಬೇಕು. ಗೋಣಿಚೀಲದಲ್ಲಿ ಸುತ್ತಿದ್ದ ಆ ಕಬ್ಬಿಣದ ಒರಳನ್ನು ಕೋಲಿನ ತುದಿಯಿಂದ ಅಂಚಿಗೆ ಎಳೆದಳು. ಚೀಲ ಜಾರಿತು. ಅವನು ಎದ್ದದ್ದು, ಎರಡು ಹೆಜ್ಜೆ ಹಾಕಿದ್ದು, ಯಾವುದೂ ಅವನ ಅರಿವಿಗೆ ಬರಲಿಲ್ಲ. ಅವಳ ತಲೆಗಿಂತ ಎಷ್ಟೋ ಮೇಲೆ ಅವನ ಬಲಗೈ ಹೋಗಿ ಬೀಳುತ್ತಿದ್ದ ಒರಳನ್ನು ಹಿಡಿದು ನಿಂತಿತ್ತು. ತೂಕಕ್ಕೆ ಭುಜ ನಡುಗಲೂ ಇಲ್ಲ.

ಕುಸುಮಾ ಒರಳು ಬೀಳುತ್ತಿದ್ದುದನ್ನು ನೋಡಿರಲಿಲ್ಲ. ಅವಳು ನೋಡಿದ್ದು ಕೈಯನ್ನು. ಎರಡೂ ಮುಂಗೈಗಳನ್ನು ಮುಖಕ್ಕೆ ಅಡ್ಡ ಹಿಡಿದು ಗೋಡೆಯ ಬುಡಕ್ಕೆ ಮುದುಡಿಕೊಂಡು ಕೂತಿದ್ದಳು. ಅವಳ ಬಾಯಿಂದ ಬೇಡಾರೀ, ಬೇಡಾರೀ ಎಂಬ ಸಣ್ಣ ದನಿ ಬರುತ್ತಿತ್ತು. ಇಷ್ಟು ವರ್ಷ ಆ ದನಿಯನ್ನು ಅವನು ಕೇಳಿದ್ದನಾದರೂ ಕೈ ಕೆಲಸದಲ್ಲಿದ್ದುದರಿಂದ ಆಲಿಸಿರಲಿಲ್ಲ. ಅವನು ಒರಳನ್ನು ಕಟ್ಟೆಯ ಮೇಲಿಟ್ಟ. ಸದ್ದಿಗೆ ಅವಳು ಕೈ ಸರಿಸಿ ನೋಡಿದಳು. ಒರಳನ್ನೂ ಅವನನ್ನೂ ಸಜ್ಜೆಯನ್ನೂ ನೋಡಿದಳು.

"ಹೊಡೆಯೋಕಲ್ಲ ಕಣೇ. ನಿನ್ನ ತಲೆ ಮೇಲೆ ಬೀಳ್ತಿತ್ತು, ಹಿಡ್ಕೊಂಡೆ."

"ಗೊತ್ತಾಯ್ತು." ಅವಳು ಗೋಡೆ ಹಿಡಿದು ಎದ್ದಳು. "ಈಗ ಗೊತ್ತಾಯ್ತು. ಆಗ ಗೊತ್ತಾಗಲಿಲ್ಲ. ಯಾವತ್ತೂ ಆಗ ಗೊತ್ತಾಗಲ್ಲ ನಂಗೆ." ಸೆರಗಿನಿಂದ ಮುಖ ಒರೆಸಿಕೊಂಡು ಕೇಳಿದಳು, "ಎಷ್ಟು ದಿನದಿಂದ ಆಗ್ತಿತ್ತು ನಿಮಗೆ?"

ಸುಳ್ಳು ಹೇಳಬಹುದಿತ್ತು. ಇವತ್ತೇ ಮೊದಲು ಎನ್ನಬಹುದಿತ್ತು. "ಒಂದು ವಾರ" ಎಂದ.

"ಯಾಕೆ ಹೇಳಲಿಲ್ಲ?"

"ಹೋಗ್ಬಿಡ್ತೀಯ ಅಂತ."

ಕುಸುಮಾ ಒಲೆಯ ಕಟ್ಟೆಗೆ ಒರಗಿದಳು. ಅವಳ ಮುಖ ಮೆದುವಾದಂತೆ ಕಂಡಿತು. ಈಗ ಹೇಳಬೇಕು ಎಂದುಕೊಂಡ ಭೈರೇಶ. ಇನ್ನು ಎತ್ತಲ್ಲ ಅನ್ನಬೇಕು, ತಪ್ಪಾಯ್ತು ಅನ್ನಬೇಕು, ಕಾಲು ಹಿಡಿದರೂ ಸರಿ. ಅವಳು ಕಾಯುತ್ತಿದ್ದಳು; ಅವಳು ಕಾಯುತ್ತಿದ್ದಾಳೆಂಬುದು ಅವನಿಗೆ ಸ್ಪಷ್ಟವಾಗಿ ಕಾಣುತ್ತಿತ್ತು. ಕುಕ್ಕರು ಒಂದು ಸಲ ಕೂಗಿತು. ಅವಳು ಒಲೆ ಆರಿಸಿದಳು.

"ಒಂದು ವಾರ ಅಂಗಿ ತೊಡಿಸ್ಕೊಂಡ್ರಿ ನನ್ನ ಕೈಲಿ" ಎಂದಳು. "ಬಾಯಿ ಬಿಟ್ಟು ಒಂದು ಮಾತು ಆಡೋದು ಅದಕ್ಕಿಂತ ಕಷ್ಟ ಆಯ್ತಾ ನಿಮಗೆ?"

ಅವಳು ಸೀರೆ ಬದಲಿಸಿದಳು. ಚೀಲಕ್ಕೆ ನಾಲ್ಕು ಸೀರೆ, ಸಕ್ಕರೆ ಕಾಯಿಲೆಯ ಮಾತ್ರೆ, ಕನ್ನಡಕದ ಡಬ್ಬಿ ಹಾಕಿಕೊಂಡಳು. ಅನ್ನ ಕುಕ್ಕರಿನಲ್ಲಿದೆ, ಹುಳಿ ಬಿಸಿ ಮಾಡಿಕೊಳ್ಳಿ ಎಂದಳು. ಅವನು ಬಾಗಿಲಿಗೆ ಅಡ್ಡ ನಿಂತ. ಅಡ್ಡ ನಿಂತಾಗ ಬಲಗೈ ತಾನಾಗಿ ಬಾಗಿಲ ಚೌಕಟ್ಟಿನ ಮೇಲೆ ಹೋಗಿತ್ತು. ಅವಳು ಅಲ್ಲೇ ನಿಂತಳು, ಮುಖ ಎತ್ತಲಿಲ್ಲ, ಚೀಲವನ್ನು ಎದೆಗೆ ಅಪ್ಪಿಕೊಂಡಳು. ಅವನು ಕೈ ಇಳಿಸಿ ಪಕ್ಕಕ್ಕೆ ಸರಿದ.

ಕೆಳಗೆ ಮನೆಯೊಡತಿ ವರಲಕ್ಷ್ಮಿ ಎಲ್ಲಿಗೆ ಕುಸುಮಾ ಎಂದು ಕೇಳಿದ್ದು, ಕೆಂಗೇರಿಗೆ ಎಂದು ಇವಳು ಹೇಳಿದ್ದು, ಯಾವಾಗ ಬರೋದು ಎಂದು ಅವರು ಕೇಳುತ್ತಿದ್ದಂತೆಯೇ ಗೇಟು ಮುಚ್ಚಿಕೊಂಡದ್ದು ಕೇಳಿಸಿತು. ಭೈರೇಶ ಮೋಟುಗೋಡೆಗೆ ಬಂದು ನಿಂತ. ಬೀದಿಯಲ್ಲಿ ಅವಳು ವರ್ಕ್‌ಶಾಪುಗಳ ಮುಚ್ಚಿದ ಶಟರುಗಳ ಮುಂದೆ ಹೋಗುತ್ತಿದ್ದಳು. ಅಂಚಿಗೆ ಒತ್ತಿಕೊಂಡಲ್ಲ, ನಡುಬೀದಿಯಲ್ಲಿ. ಹಿಂದಿನಿಂದ ಬಂದ ಆಟೋದವನು ಹಾರನ್ನು ಹೊಡೆದ. ಅವಳು ಅವಸರಪಡದೆ ದಾರಿ ಬಿಟ್ಟಳು, ಮತ್ತೆ ನಡುವಿಗೆ ಬಂದಳು. ಮಾಗಡಿ ರಸ್ತೆಯ ತಿರುವಿನಲ್ಲಿ ಬಸ್ಸೊಂದು ನಿಂತಿತ್ತು. ಅದು ಹೊರಟ ಮೇಲೆ ಅಲ್ಲಿ ಯಾರೂ ಇರಲಿಲ್ಲ.

ಅವನು ಮಧ್ಯಾಹ್ನದವರೆಗೆ ಅಲ್ಲೇ ನಿಂತಿದ್ದ. ಮಂಗಳವಾರಕ್ಕೆ ಬರಬಹುದು ಎಂದುಕೊಂಡ, ಆಮೇಲೆ ಹಬ್ಬಕ್ಕೆ ಎಂದುಕೊಂಡ. ಕುಸುಮಾ ಬರಲಿಲ್ಲ.